ಏಳನೇ ನಂಬರಿನ ಕೈ

ವಿಮಾನ ನಿಲ್ದಾಣ

ಪರದೇಶಕ್ಕೆ ಹೊರಟವರಿಗೆ ನನ್ನ ಮೊದಲ ಸಲಹೆ: ಮೆಟ್ಟುಗತ್ತಿ ಒಯ್ಯಬೇಡಿ. ಒಯ್ಯಲೇಬೇಕಾದ ಪ್ರಸಂಗ ಬಂದರೆ ಅಲಗನ್ನು ಮಣೆಯಿಂದ ಬಿಚ್ಚಿ ಬೇರೆ ಬೇರೆ ಕಟ್ಟಿ. ನಾನು ಜಾಣ ಅಂದುಕೊಂಡು ಎರಡನ್ನೂ ಜೋಡಿಸಿಯೇ ಹಳೇ ಲುಂಗಿಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಹಾಕಿದ್ದೆ. ಕಸ್ಟಮ್ಸ್‌ನವರ ಮೇಜಿನ ಮೇಲೆ ಆ ಲುಂಗಿ ಬಿಚ್ಚಿಕೊಂಡಾಗ ಅಲ್ಲಿದ್ದ ಇಬ್ಬರು ಅಧಿಕಾರಿಗಳು ನೋಡನೋಡುತ್ತ ನಾಲ್ಕು ಜನ ಆದರು.

“ಇದು ಏನು?”

“ಅಡಿಕೆ ಸುಲಿಯುವುದು,” ಅಂದೆ.

ನನ್ನ ಇಂಗ್ಲಿಷು ಲೇತ್ ಮಿಷನ್ನಿನ ಕ್ಯಾಟಲಾಗ್ ಓದಿ ಕಲಿತದ್ದು. ಬೋಲ್ಟು, ಬೇರಿಂಗು, ಗ್ಯಾರಂಟಿ, ಇಷ್ಟು ಗಟ್ಟಿ. ಉಳಿದದ್ದು ಕೈಸನ್ನೆ. ಅವರ ಮುಖ ನೋಡಿದರೆ ಇದು ಬಾಯಲ್ಲಿ ಹೇಳಿ ಮುಗಿಯುವ ವ್ಯವಹಾರ ಅಲ್ಲ ಅನಿಸಿತು. ಸೀದಾ ನೆಲದ ಮೇಲೆ ಕೂತೆ. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಜೊತೆಗೆ ತಂದಿದ್ದ ಚೀಲದಿಂದ ಸಿಪ್ಪೆ ತೆಗೆಯದ ಒಣ ಅಡಿಕೆ ಒಂದನ್ನು ತೆಗೆದು, ಎರಡೂ ಕೈಯಲ್ಲಿ ಅಲಗಿಗೆ ಒತ್ತಿ ತಿರುಗಿಸಿದೆ. ಟಕ್. ಸಿಪ್ಪೆ ಅತ್ತ, ಅಡಿಕೆ ಇತ್ತ.

“ಇನ್ನೊಂದು,” ಅಂದಳು ಅವರಲ್ಲಿ ಹಿರಿಯಳಾದ ಹೆಂಗಸು.

ನಾಲ್ಕನೇ ಅಡಿಕೆಗೆ ಅವಳು ನಗಾಡಿದಳು. ನನ್ನ ಅಂಗಿಯ ಕಿಸೆಯಲ್ಲಿದ್ದ ವಿಶ್ವವಿದ್ಯಾಲಯದ ಪತ್ರ ಓದಿ ಮೊಹರು ಒತ್ತಿದಳು. ನಮ್ಮ ಕಡೆಯ ಚೆಕ್‌ಪೋಸ್ಟಿನಲ್ಲಿ ಅಡಿಕೆ ಚೀಲ ಹೊತ್ತ ಗಾಡಿ ನಿಲ್ಲಿಸಿದಾಗ ಯಾರೂ ಹೀಗೆ ನಗಾಡಿದ್ದು ನೆನಪಿಲ್ಲ.

ಪತ್ರದ ವಿಷಯ ಹೇಳಿಬಿಡುತ್ತೇನೆ. ನನ್ನದು ಸಿರಸಿಯಲ್ಲಿ ಸಣ್ಣ ವರ್ಕ್‌ಶಾಪು. ಅಡಿಕೆ ಸುಲಿಯುವ ಯಂತ್ರ ಮಾಡುತ್ತೇನೆ. ಓದಿದ್ದು ಏಳನೇ ಇಯತ್ತೆ, ಕಲಿತದ್ದು ಹುಬ್ಬಳ್ಳಿಯ ಲೇತಿನ ಮುಂದೆ. ದಕ್ಷಿಣ ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದ ಕೈಗಾರಿಕಾ ಮತ್ತು ಉತ್ಪಾದನಾ ಎಂಜಿನಿಯರಿಂಗ್ ವಿಭಾಗದ ಪ್ರೊಫೆಸರ್ ಇಂಗ್ರಿಡ್ ಎಂಬವರು ನನ್ನ ಯಂತ್ರದ ವಿಡಿಯೋ ಯಾವುದೋ ಮೊಬೈಲಿನಲ್ಲಿ ನೋಡಿ, ಕಾಲೇಜಿಗೆ ಹೋಗದವನು ಯಂತ್ರ ಹೇಗೆ ಮಾಡುತ್ತಾನೆ ಎಂದು ತಮ್ಮ ಹುಡುಗರಿಗೆ ಹೇಳಲು ಕರೆದಿದ್ದರು. ಯಂತ್ರ ತರಲಾಗದಿದ್ದರೂ ಚಿಂತೆಯಿಲ್ಲ, ಮೆಟ್ಟುಗತ್ತಿ ತನ್ನಿ, ಅಂತ ಬರೆದಿದ್ದರು. ಸ್ವೀಡನ್ನಿನವರಿಗೆ ಮೆಟ್ಟುಗತ್ತಿಯ ಸುದ್ದಿ ಹೇಗೆ ಗೊತ್ತು ಅಂತ ನಾನು ಆಗ ಯೋಚಿಸಲಿಲ್ಲ. ಟಿಕೆಟ್ ಅವರದ್ದು. ಯೋಚಿಸಲು ಎಂತ ಉಂಟು!

ಚೀಟಿ ಹಿಡಿಯುವ ಊರು

ನನ್ನನ್ನು ಕರೆದೊಯ್ಯಲು ಬಂದವಳು ರೇಣುಕಾ. ರಾಣೆಬೆನ್ನೂರಿನ ಹುಡುಗಿ, ಅದೇ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ.

“ಬರ್ರಿ ಮಂಜಣ್ಣಾರ, ಪ್ರಯಾಣ ಆರಾಮ ಆತ್ರಿ?”

ಅಷ್ಟು ದೂರದಲ್ಲಿ ಆ ಒಂದು ಮಾತು ಕಿವಿಗೆ ಬಿದ್ದಾಗ ಸೂಟ್‌ಕೇಸಿನ ಭಾರ ಅರ್ಧ ಇಳಿಯಿತು. ನೀನು ಎಂತದರ ಮೇಲೆ ಓದುತ್ತಿ ಅಂತ ಕೇಳಿದೆ. “ಸರತಿ ಮ್ಯಾಲ್ರಿ. ಜನಾ ಯಾಕ ಕಾಯ್ತಾರ, ಎಷ್ಟು ಕಾಯ್ತಾರ, ಕಾಯೂದು ಕಡಿಮಿ ಮಾಡೂದು ಹೆಂಗ, ಅದರ ಲೆಕ್ಕ.” ಇದಕ್ಕೆ ಸ್ವೀಡನ್ನಿಗೆ ಬರಬೇಕಾ, ಸಿರಸಿ ಬಸ್‌ಸ್ಟ್ಯಾಂಡಿಗೆ ಬಾ, ಅಂದೆ. “ಅಲ್ಲೆ ಸರತಿ ಎಲ್ಲಿ ಐತ್ರಿ, ಅಲ್ಲಿರೂದು ಕುಸ್ತಿ,” ಅಂದಳು. ಹುಡುಗಿ ಚುರುಕು.

ಅವಳ ಓದಿನ ಅರ್ಥ ಮರುದಿನವೇ ತಿಳಿಯಿತು. ಮೂಗು ಕಟ್ಟಿ ಔಷಧಿ ಅಂಗಡಿಗೆ ಹೋದೆ. ನನ್ನ ನಂತರ ಬಂದವರೆಲ್ಲ ಔಷಧಿ ಕೊಂಡು ಹೋದರು. ನಾನು ಗಲ್ಲಾದ ಮುಂದೆ ನಿಂತೇ ಇದ್ದೇನೆ. ಯಾರೂ ಬೈಯುವುದಿಲ್ಲ, ಯಾರೂ ಕೇಳುವುದಿಲ್ಲ, ಎಲ್ಲರೂ ನನ್ನನ್ನು ಸುತ್ತಿ ಹೋಗುತ್ತಾರೆ. ಕೊನೆಗೆ ಒಬ್ಬ ಮುದುಕ ನನ್ನ ತೋಳು ಹಿಡಿದು ಬಾಗಿಲ ಹತ್ತಿರ ಕರೆದೊಯ್ದು, ಗೋಡೆಗೆ ಹೊಡೆದಿದ್ದ ಕೆಂಪು ಡಬ್ಬಿಯಿಂದ ಒಂದು ಚೀಟಿ ಎಳೆದು ಕೈಗಿಟ್ಟ. ನಂಬರಿನ ಚೀಟಿ. ಆ ಊರಲ್ಲಿ ಚೀಟಿ ಇಲ್ಲದವನು ಇದ್ದೂ ಇಲ್ಲದ ಹಾಗೆ. ಹೋಗುವವರು ನೆನಪಿಡಿ: ಮೊದಲು ಚೀಟಿ, ಆಮೇಲೆ ಮಾತು.

ಬಸ್ಸಿನಲ್ಲೂ ಹಾಗೆಯೇ. ಇಬ್ಬರ ಸೀಟಿನಲ್ಲಿ ಒಬ್ಬರೇ ಕೂರುತ್ತಾರೆ, ಪಕ್ಕದಲ್ಲಿ ಬ್ಯಾಗು. ನಾನು ಹೋಗಿ ಒಬ್ಬ ಹೆಂಗಸಿನ ಪಕ್ಕ ಕೂತೆ, ಬಸ್ಸು ಅರ್ಧ ಖಾಲಿ ಇತ್ತು. ಆಯಮ್ಮ ಮುಂದಿನ ಸ್ಟಾಪಿನಲ್ಲಿ ಇಳಿದಳು. ಅದು ಅವಳ ಸ್ಟಾಪ್ ಅಲ್ಲ ಅಂತ ನನಗೆ ಅನುಮಾನ. ಸಿದ್ದಾಪುರದ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತು, ಇಳಿಯುವುದರೊಳಗೆ ಒಂದು ಸಂಬಂಧ ಹೊಂದಿಸಿಯೇ ಇಳಿಯುವ ಜನ ನಾವು.

ಬಾಗಿಲ ಫಲಕಗಳು

ವಿಭಾಗದ ಕಟ್ಟಡದಲ್ಲಿ ಉದ್ದಾನುದ್ದ ಓಣಿ. ಎರಡೂ ಕಡೆ ಬಾಗಿಲು. ಪ್ರತಿ ಬಾಗಿಲಲ್ಲೂ ಮಾಸ್ತರರ ಫೋಟೋ, ಹೆಸರು, ಅದರ ಕೆಳಗೆ ಅವರು ಸದ್ಯ ಯಾವ ವಿಚಾರದ ಹಿಂದೆ ಬಿದ್ದಿದ್ದಾರೆ ಅಂತ ಎರಡು ಸಾಲು. ರೇಣುಕಾ ಓದಿ ಹೇಳುತ್ತ ಹೋದಳು. ಒಬ್ಬರಿಗೆ ಕಬ್ಬಿಣ ಕೊರೆಯುವಾಗ ಹುಟ್ಟುವ ಬಿಸಿ. ಒಬ್ಬರಿಗೆ ಗೋದಾಮಿನಲ್ಲಿ ಎಷ್ಟು ಮಾಲು ಇಟ್ಟರೆ ಸಾಕು ಎನ್ನುವುದು. ಒಬ್ಬರಿಗೆ ಯಂತ್ರ ಕೆಡುವ ಮುಂಚೆ ಯಾವ ಸದ್ದು ಮಾಡುತ್ತದೆ ಎನ್ನುವುದು. ಪುಡಿಯಿಂದ ಪದರ ಪದರವಾಗಿ ಲೋಹದ ಭಾಗ ಕಟ್ಟುವವರೊಬ್ಬರು. ಮೇಣದ ಹಾಗೆ ಪ್ಲಾಸ್ಟಿಕ್ ಬಗ್ಗಿಸುವವರೊಬ್ಬರು.

ಸದ್ದಿನವರ ಬಾಗಿಲ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಬೇರಿಂಗು ಹೋಗುವ ಎರಡು ದಿನ ಮುಂಚೆ ಒಂದು ಸಣ್ಣ ಕುಯ್‌ಗುಡುವಿಕೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಸಾಣೆ ಹಿಡಿಯುತ್ತ ಕೂತಿದ್ದಾಗ ನನಗೆ ಅದು ಗೊತ್ತಿತ್ತು. ಅದನ್ನು ಒಂದು ವಿಚಾರ ಅಂತ ಬಾಗಿಲಿಗೆ ಬರೆದು ಹಾಕಿಕೊಳ್ಳಬಹುದು, ಅದಕ್ಕೇ ಒಂದು ಕೋಣೆ, ಕುರ್ಚಿ, ಕಿಟಕಿ ಕೊಡುತ್ತಾರೆ ಅಂತ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ಅನ್ನಬೇಡಿ. ಹಸಿದವನು ಹೋಟೆಲಿನ ಗಾಜಿನಾಚೆ ನಿಂತ ಹಾಗೆ ಆಯಿತು, ಅಷ್ಟೇ.

“ನಿಮ್ಮ ಬಾಗಲಕ್ಕ ಏನು ಬರೀಬೇಕ್ರಿ ಮಂಜಣ್ಣಾರ?” ರೇಣುಕಾ ಕೇಳಿದಳು.

“ಗಿರಾಕಿ ಬೆಲೆ ಇಳಿಸು ಅಂದಾಗ ಮುಖ ಹೇಗಿಟ್ಟುಕೊಳ್ಳಬೇಕು ಅನ್ನುವ ವಿಚಾರ,” ಅಂದೆ.

ಕಡೆಯ ಬಾಗಿಲು ಇಂಗ್ರಿಡ್ ಅವರದು. ನೆರೆತ ಕೂದಲು ಗಂಡಸರಂತೆ ಕತ್ತರಿಸಿಕೊಂಡ ಎತ್ತರದ ಹೆಂಗಸು. ಅವರ ಫಲಕದ ಮೇಲೆ ಇದ್ದದ್ದು: ಕೈಗೆಲಸ, ದಣಿವು, ವ್ಯರ್ಥ ಚಲನೆ. ಕೆಲಸ ಮಾಡುವ ಕೈ ಎಷ್ಟು ಸಲ ಸುಮ್ಮನೆ ಓಡಾಡುತ್ತದೆ, ಅದನ್ನು ಹೇಗೆ ಕಡಿಮೆ ಮಾಡುವುದು ಎನ್ನುವುದು. ಒಳ್ಳೆಯದೇ, ನಾನೂ ಇಪ್ಪತ್ತು ವರ್ಷ ಮಾಡಿದ್ದು ಅದನ್ನೇ, ಅಂದುಕೊಂಡೆ.

ಭಾಷಣ

ಹತ್ತು ಗಂಟೆಗೆ ಸರಿಯಾಗಿ ಇಡೀ ವಿಭಾಗ ಕೆಲಸ ಬಿಟ್ಟು ಕಾಫಿಗೆ ಕೂರುತ್ತದೆ. ದೊಡ್ಡ ಪ್ರೊಫೆಸರು, ನೆಲ ಒರೆಸುವವರು, ಎಲ್ಲ ಒಂದೇ ಮೇಜು. ಕಪ್ಪು ಅವರವರೇ ತೊಳೆಯಬೇಕು. ನಾನು ತೊಳೆಯದೆ ಎದ್ದಾಗ ಇಂಗ್ರಿಡ್ ನನ್ನ ಕಪ್ಪನ್ನೂ ತೊಳೆದರು, ಅದರಿಂದ ಬಹಳ ನಾಚಿಕೆಯಾಯಿತು. ಆಮೇಲೆ ಭಾಷಣ.

ನನಗೆ ಈ ಭಾಷಣ ಹೊಸದಲ್ಲ. ಕೃಷಿ ಮೇಳ, ರೋಟರಿ, ಯಲ್ಲಾಪುರದ ಹೈಸ್ಕೂಲು, ಎಲ್ಲ ಕಡೆ ಹೇಳಿದ್ದೇ. ರೇಣುಕಾ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ನಾನು ಸಿದ್ದಾಪುರ ತಾಲೂಕಿನ ಹೇರೂರಿನ ಹತ್ತಿರದವನು, ಅಪ್ಪ ಬೇಗ ಹೋದ, ಅವ್ವ ತೋಟದ ಹೆಗಡೆಯವರ ಮನೆಯಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಬೇಸಿಗೆಯಲ್ಲಿ ಅಂಗಳದ ಚಪ್ಪರದ ಕೆಳಗೆ ಸಾಲಾಗಿ ಕೂತು ಎಂಟು ಹತ್ತು ಹೆಂಗಸರು ಸುಲಿಯುತ್ತಾರೆ. ಒಬ್ಬೊಬ್ಬರ ಮುಂದೆ ಒಂದೊಂದು ಬುಟ್ಟಿ. ಸಂಜೆ ಡಬ್ಬಿಯಲ್ಲಿ ಅಳೆದು, ಅಳತೆಗೆ ತಕ್ಕ ಕೂಲಿ. “ಉಳಿದವರದ್ದು ಐದು ಡಬ್ಬಿ ಆದರೆ ನನ್ನ ಅವ್ವನದ್ದು ನಾಲ್ಕು. ಅವ್ವನ ಕೈ ಬಹಳ ನಿಧಾನ. ಆ ನಿಧಾನದ ಕೈ ನೋಡಿ ನೋಡಿ ಸಿಟ್ಟು ಬಂದು ನಾನು ಯಂತ್ರ ಮಾಡಿದೆ!”

ಇಲ್ಲಿಗೆ ಯಾವಾಗಲೂ ಜನ ನಗುತ್ತಾರೆ. ಅಲ್ಲಿಯೂ ನಕ್ಕರು. ಇಂಗ್ರಿಡ್ ನಗಲಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದರು: “ನಿಧಾನ ಅಂತ ಹೇಗೆ ಗೊತ್ತಾಯಿತು?”

“ಡಬ್ಬಿಯಿಂದ.”

“ಕೈ ನೋಡಿ ಅಲ್ಲ?”

ಕೈ ನೋಡಲು ನಾನು ಅಲ್ಲಿ ಕೂತಿದ್ದಾದರೂ ಯಾವಾಗ? ಶಾಲೆ ಬಿಟ್ಟ ವರ್ಷವೇ ಹುಬ್ಬಳ್ಳಿ ಸೇರಿದವನು. ಊರಿಗೆ ಬಂದಾಗ ಕಾಣುತ್ತಿದ್ದದ್ದು ಅವ್ವ ತಂದ ಕೂಲಿ, ಪಕ್ಕದ ಮನೆಯವರು ತಂದ ಕೂಲಿ. ಆ ವ್ಯತ್ಯಾಸ.

“ನಾಳೆ ನಿಮಗೆ ಕೆಲವು ಕೈಗಳನ್ನು ತೋರಿಸುತ್ತೇನೆ,” ಅಂದರು ಇಂಗ್ರಿಡ್. “ನಿಮ್ಮ ಸಿದ್ದಾಪುರ ತಾಲೂಕಿನವು.”

ಚುಕ್ಕಿಗಳು

ಪ್ರಯೋಗಾಲಯ ಅಂದರೆ ಕಿಟಕಿಯಿಲ್ಲದ ದೊಡ್ಡ ಕೋಣೆ, ಗೋಡೆ ತುಂಬ ಪರದೆ. ಇಂಗ್ರಿಡ್ ವಿದ್ಯಾರ್ಥಿನಿಯಾಗಿದ್ದಾಗ ನಮ್ಮ ಸೀಮೆಗೆ ಬಂದಿದ್ದರಂತೆ. ಸುಲಿಯುವ ಎಂಟು ಹೆಂಗಸರ ಬೆರಳು, ಮಣಿಕಟ್ಟು, ಮೊಣಕೈ, ಭುಜ, ಮಂಡಿ, ಹಣೆಗಳಿಗೆ ಹೊಳೆಯುವ ಚುಕ್ಕಿ ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು ಕೈಯ ಓಡಾಟ ಅಳೆದಿದ್ದರಂತೆ. ಚಿತ್ರಗಳನ್ನೆಲ್ಲ ಮಾತು ಕೊಟ್ಟ ಪ್ರಕಾರ ಆಮೇಲೆ ಅಳಿಸಿದ್ದಾರೆ. ಮುಖ ಇಲ್ಲ, ಸೀರೆ ಇಲ್ಲ, ದನಿ ಇಲ್ಲ. ಉಳಿದದ್ದು ಚುಕ್ಕಿಗಳ ಲೆಕ್ಕ ಮಾತ್ರ. ಯಾವ ಊರು, ಯಾರ ಮನೆ ಎಂದು ಕೇಳಿದರೆ ಹೇಳುವಂತಿಲ್ಲ ಅಂದರು. ಜನರಿಗೆ ಹೆಸರಿಲ್ಲ, ನಂಬರು.

ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕಿಗಳು ಕೂತವು. ಕೂತವು ಅಂತಲೇ ಹೇಳಬೇಕು. ಒಂದು ಮಂಡಿ ಎತ್ತಿ ಕೂತ ಹೆಂಗಸು ಬರೀ ಚುಕ್ಕಿಗಳಲ್ಲಿ ಕಾಣುತ್ತಿದ್ದಳು. ಒಂದನೇ ನಂಬರು ಬಿರುಸು. ಎರಡನೆಯದು ಆಗಾಗ ನಿಲ್ಲಿಸಿ ಮಾತಾಡುವ ಜಾತಿ, ತಲೆಯ ಚುಕ್ಕಿ ಅತ್ತಿತ್ತ ತೂಗುತ್ತಿತ್ತು. ನಾನು ಕಸುಬುದಾರನ ಕಣ್ಣಲ್ಲಿ ನೋಡುತ್ತಿದ್ದೆ. ಎಲ್ಲಿ ತಿರುವು ಹೆಚ್ಚು, ಎಲ್ಲಿ ಬಲ ಪೋಲು.

ಏಳನೇ ನಂಬರು ಬಂತು.

ಬಲ ಭುಜ ಮೇಲೆ ಹೋಗಿ ಕೆನ್ನೆಗೆ ಉಜ್ಜಿ ಕೆಳಗಿಳಿಯಿತು. ಸಿಪ್ಪೆಯ ಧೂಳು ಮುಖಕ್ಕೆ ಹಾರಿದಾಗ, ಕೈ ಖಾಲಿಯಿಲ್ಲದವರು ಒರೆಸುವ ರೀತಿ. ಹಾಗೆ ಸಾವಿರ ಜನ ಒರೆಸುತ್ತಾರೆ. ಆದರೆ ಎಡಗೈ? ಮೊಣಕೈ ಪೂರ್ತಿ ನೆಟ್ಟಗಾಗದು. ಚುಕ್ಕಿಗಳ ಗೆರೆ ಅಲ್ಲಿ ಬಂದು ಸೊಟ್ಟಗೆ ನಿಲ್ಲುತ್ತಿತ್ತು. ಹುಲ್ಲಿನ ಹೊರೆ ಹೊತ್ತು ಬಿದ್ದು ಮುರಿದು, ನಾಟಿ ವೈದ್ಯರು ಕಟ್ಟಿದ ಕೈ ಅದು. ತಲೆಗೆ ಎಣ್ಣೆ ಹಚ್ಚುವಾಗ ಆ ಸೊಟ್ಟ ಮೊಣಕೈ ನನ್ನ ಕಿವಿಗೆ ತಾಗುತ್ತಿತ್ತು.

ಒಂದು ಫೋನು ನೆನಪಾಯಿತು. ನಾನಾಗ ಹುಬ್ಬಳ್ಳಿಯಲ್ಲಿದ್ದೆ. ಹೆಗಡೆಯವರ ಮನೆಯ ಫೋನಿನಿಂದ ಅವ್ವ ಮಾತಾಡಿದ್ದಳು. “ತಮಾ, ಇವತ್ತೊಂದು ಬಿಳೇ ಹೆಂಗ್ಸು ಬಂದು ನಮ್ ಕೈಗೆಲ್ಲ ಚುಕ್ಕಿ ಅಂಟ್ಸಿತ್ತು ಮಾರಾಯ. ಮದುಮಗಳ ಕೈ ಆದಂಗೆ ಆಗಿತ್ತು ನಂದು.” ನಾನು ಅಂದದ್ದು: “ಕೆಲಸದಲ್ಲಿದ್ದೇನೆ ಅವ್ವ, ಇಡು.”

ಅವ್ವ ಹೋಗಿ ಆರು ವರ್ಷ. ನನ್ನ ಬಳಿ ಇರುವುದು ಗುರುತಿನ ಚೀಟಿಯ ಒಂದು ಪಟ. ಅದರಲ್ಲಿ ಅವಳು ಯಾರೋ ಗದರಿಸಿದ ಹಾಗೆ ನೋಡುತ್ತಾಳೆ. ಅಳುವ, ನಗುವ, ಕೈ ಆಡಿಸುವ ಅವ್ವ ಎಲ್ಲಿಯೂ ಉಳಿದಿಲ್ಲ ಅಂದುಕೊಂಡಿದ್ದೆ. ಉಳಿದಿದ್ದಳು, ಸ್ವೀಡನ್ನಿನ ಒಂದು ಕಪ್ಪು ಪರದೆಯ ಮೇಲೆ.

ನಾನು ಬಾಯಿ ಬಿಡುವ ಮೊದಲೇ ಇಂಗ್ರಿಡ್ ಹೇಳತೊಡಗಿದರು. “ಈ ಏಳನೇ ನಂಬರು ನನಗೆ ಬಿಡಿಸಲಾಗದ ಒಗಟು. ಎಂಟು ಜನರಲ್ಲಿ ಇವಳ ಕೈ ಎಲ್ಲರಿಗಿಂತ ವೇಗ. ಎಲ್ಲರಿಗಿಂತ. ಆದರೆ ಸಂಜೆ ಬುಟ್ಟಿ ಅಳೆದಾಗ ಇವಳದ್ದೇ ಕಡಿಮೆ. ನೋಡಿ, ನಡುನಡುವೆ ಎಡಗೈ ಹೀಗೆ ಪಕ್ಕಕ್ಕೆ ಹೋಗುತ್ತದೆ, ಅಡಿಕೆ ತನ್ನ ಬುಟ್ಟಿಗೆ ಬೀಳುವುದಿಲ್ಲ. ದಣಿವಿನಿಂದ ಗುರಿ ತಪ್ಪುತ್ತದೆ ಎಂದು ಬರೆದಿದ್ದೇನೆ. ವ್ಯರ್ಥ ಚಲನೆ.”

ನೋಡಿದೆ. ಎಣಿಸಿದೆ. ನಾಲ್ಕು ಅಡಿಕೆ ಮುಂದೆ, ಎರಡು ಎಡಕ್ಕೆ. ಮತ್ತೆ ನಾಲ್ಕು, ಮತ್ತೆ ಎರಡು.

ಲೇತಿನ ಮುಂದೆ ಕೂತವರಿಗೆ ಒಂದು ವಿಷಯ ಗೊತ್ತು. ಕೈ ದಣಿದು ಆದ ತಪ್ಪು ಚೆಲ್ಲಾಪಿಲ್ಲಿ ಇರುತ್ತದೆ, ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಪ್ರತಿ ಸಲವೂ ಅದೇ ಅಳತೆಗೆ ಬಂದರೆ ಅದು ತಪ್ಪಲ್ಲ, ಯಾರೋ ಹಾಗೇ ಇಟ್ಟದ್ದು. ಆ ಎಡಗೈ ಪ್ರತಿ ಸಲ ಒಂದೇ ಜಾಗಕ್ಕೆ ಹೋಗುತ್ತಿತ್ತು, ಒಂದೇ ಎತ್ತರದಲ್ಲಿ ಬಿಡುತ್ತಿತ್ತು. ನೋಡದೆಯೇ. ತಲೆಯ ಚುಕ್ಕಿ ಒಮ್ಮೆಯೂ ಅತ್ತ ತಿರುಗಲಿಲ್ಲ. ಅಲ್ಲಿ ಒಂದು ಬುಟ್ಟಿ ಇತ್ತು. ಪಕ್ಕದಲ್ಲಿ ಕೂತವರ ಬುಟ್ಟಿ.

ಅವ್ವ ಸುಲಿದದ್ದು ಆರು ಡಬ್ಬಿ. ಎರಡು ಪಕ್ಕದವರಿಗೆ ಹಾಕಿ, ನಾಲ್ಕು ಮನೆಗೆ ತಂದಿದ್ದಳು.

ಚೌಕಾಸಿ

ನಾನು ವ್ಯಾಪಾರಸ್ಥ. ದರ ಕುದುರುವ ಮುಂಚೆ ಮಾಲು ಬಿಚ್ಚುವವನಲ್ಲ. ಕಣ್ಣು ಒರೆಸಿಕೊಳ್ಳುವ ಮೊದಲೇ ತಲೆ ಓಡಿತು: ಇವರ ಒಗಟಿಗೆ ಉತ್ತರ ನನ್ನ ಹತ್ತಿರ ಇದೆ. ಇವರ ಹತ್ತಿರ ನನ್ನ ಅವ್ವ ಇದ್ದಾಳೆ. ಬದಲಿಸಿಕೊಳ್ಳಬಹುದು.

“ಆ ಏಳನೇ ನಂಬರಿನದ್ದು ನನಗೊಂದು ಪ್ರತಿ ಬೇಕು,” ಅಂದೆ.

“ಕೊಡುವ ಹಾಗಿಲ್ಲ.”

“ನನ್ನ ಯಂತ್ರ ಒಂದು ನಿಮ್ಮ ಕಾಲೇಜಿಗೆ ಪುಕ್ಕಟೆ ಕಳಿಸುತ್ತೇನೆ.”

“ಕೊಡುವ ಹಾಗಿಲ್ಲ.”

“ನಿಮ್ಮ ಒಗಟು ಬಿಡಿಸುತ್ತೇನೆ. ಈಗಲೇ. ಪ್ರತಿ ಕೊಟ್ಟರೆ.”

ಈ ಮಾತು ತಿರುಗಿಸುವಾಗ ರೇಣುಕಾ ತಡವರಿಸಿದಳು. ಮೆತ್ತಗೆ ಕನ್ನಡದಲ್ಲಿ, “ಮಂಜಣ್ಣಾರ, ಇದು ಸಂತಿ ಅಲ್ರಿ,” ಅಂದಳು. ನಾನು ಬಿಡಲಿಲ್ಲ. “ಅದು ಯಾರ ಕೈ ಅಂತ ನಾನು ಬಲ್ಲೆ, ಹೇಳು ಅವರಿಗೆ. ಅದು ನನ್ನ...”

ಇಂಗ್ರಿಡ್ ಅಂಗೈ ಎತ್ತಿ ತಡೆದರು. ಕನ್ನಡ ಬಾರದಿದ್ದರೂ ನನ್ನ ಮುಖ ಓದಿರಬೇಕು. ದನಿ ಗಟ್ಟಿಯಾಗಿರಲಿಲ್ಲ. “ದಯವಿಟ್ಟು ಹೇಳಬೇಡಿ. ನೀವು ಹೆಸರು ಹೇಳಿದರೆ ನಾನು ಕೊಟ್ಟ ಮಾತು ಮುರಿದ ಹಾಗೆ. ಎಂಟು ಹೆಂಗಸರಿಗೂ ಮಾತು ಕೊಟ್ಟಿದ್ದೇನೆ, ಈ ಕೈ ಯಾರದ್ದು ಎಂದು ಯಾರಿಗೂ ತಿಳಿಯುವುದಿಲ್ಲ ಎಂದು. ಏಳು ಜನ ಆಗಲಿ ಅಂತ ತಲೆ ಆಡಿಸಿ ಸುಮ್ಮನಾದರು. ಒಬ್ಬಳು ಮಾತ್ರ ನನ್ನ ಕೈ ಹಿಡಿದು ಕೇಳಿದಳು. ಎಷ್ಟು ಸುಲಿದೆ ಅನ್ನುವುದು ನನ್ನ ಮನೆಗೆ ಗೊತ್ತಾಗಬಾರದು, ಅಂದಳು. ಅದನ್ನು ಬರೆಸಿಕೊಂಡೇ ಹೆಬ್ಬೆಟ್ಟು ಒತ್ತಿದಳು.”

ಆ ಒಬ್ಬಳು ಯಾವ ನಂಬರು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮನೆ ಅಂದರೆ ಯಾರು? ಅಪ್ಪ ಇರಲಿಲ್ಲ. ಮನೆ ಅಂದರೆ ನಾನು.

ಹಳೇ ಸಾಮಾನಿನ ಸಂತೆ

ಭಾನುವಾರ ರೇಣುಕಾ ನನ್ನನ್ನು ಹಳೇ ಸಾಮಾನಿನ ಸಂತೆಗೆ ಕರೆದೊಯ್ದಳು. ಆ ದೇಶದಲ್ಲಿ ಚೌಕಾಸಿ ನಡೆಯುವ ಒಂದೇ ಜಾಗ ಅದು ಅಂತ, ನನ್ನ ಮುಖ ಸರಿಯಾದೀತು ಅಂತ. ಹುಲ್ಲಿನ ಮೈದಾನದಲ್ಲಿ ಜನ ತಮ್ಮ ಅಜ್ಜಿಯರ ಪಿಂಗಾಣಿ ತಟ್ಟೆ, ಉಲ್ಲನ್ ಕೈಚೀಲ, ಒಡೆದ ಗಡಿಯಾರ ಹರಡಿಕೊಂಡು ಕೂತಿದ್ದರು. ಬೆಲೆ ಇಳಿಸಿ ಅಂದರೆ ನಾಚಿಕೊಂಡು ಇಳಿಸುತ್ತಾರೆ, ಎರಡನೇ ಸಲ ಕೇಳಿದರೆ ಇನ್ನೂ ಇಳಿಸುತ್ತಾರೆ. ಎದುರಾಳಿಯೇ ಇಲ್ಲದ ಕುಸ್ತಿ. ಮೂರನೇ ಅಂಗಡಿಗೆ ನನಗೆ ಸಾಕಾಯಿತು.

“ಏನೂ ತಗೊಳ್ಳಾಂಗಿಲ್ರಿ?”

“ಬೇಡ ಮಾರಾಯ್ತಿ.”

ಬೆಂಚಿನ ಮೇಲೆ ಕೂತು ಮನೆಗೆ ಫೋನು ಹಚ್ಚಿದೆ. ಹೆಂಡತಿ ಸವಿತಾ ಊಟ ಮುಗಿಸಿ ಕೂತಿದ್ದಳು. ಚುಕ್ಕಿಯ ವಿಚಾರ ಎಲ್ಲ ಹೇಳಿದೆ. ಎಡಗೈಯ ವಿಚಾರ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

“ನಿಂಗೆ ಗೊತ್ತಿತ್ತಾ?”

“ಊರಿಗೆಲ್ಲ ಗೊತ್ತಿತ್ತು. ಹೆಗಡೇರಿಗೂ ಗೊತ್ತಿತ್ತು. ಗೊತ್ತಿಲ್ದೇ ಇದ್ದದ್ದು ನಿಮ್ಗೊಬ್ರಿಗೇ.”

“ನನ್ನ ಹತ್ರ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವೆಂತ ಮಾಡ್ತಿದ್ರಿ ಹೇಳಿ? ಮರುದಿನ ಬಸ್ಸು ಹತ್ತಿ ಬಂದು, ಆ ಕುರುಡಿ ಮುದುಕಿ ಮನೆ ಬಾಗ್ಲಲ್ಲಿ ನಿಂತು ಹಿಸಾಬು ಕೇಳ್ತಿದ್ರಿ. ಅತ್ತೆಗೆ ನಿಮ್ಮ ಗುಣ ಗೊತ್ತಿರ್ಲಿಲ್ವಾ?”

ಕುರುಡಿ ಮುದುಕಿ ಅಂದ ಕೂಡಲೇ ಸಾಲಿನಲ್ಲಿ ಅವ್ವನ ಎಡಕ್ಕೆ ಕೂರುತ್ತಿದ್ದವರು ಯಾರೆಂದು ನೆನಪಾಯಿತು. ಕಣ್ಣಿಗೆ ಪೊರೆ ಬಂದು, ಬೆರಳು ಮುಟ್ಟಿ ಮುಟ್ಟಿ ಸುಲಿಯುತ್ತಿದ್ದವರು. ಹಿಂದೆ ಮುಂದೆ ಯಾರೂ ಇಲ್ಲದವರು. ಯಾರ ಮನೆಯಿಂದಲೂ ಒಂದು ಹಿಡಿ ಅಕ್ಕಿ ಸುಮ್ಮನೆ ತೆಗೆದುಕೊಂಡವರಲ್ಲ, ದುಡಿದೇ ತಿನ್ನಬೇಕು ಅನ್ನುವವರು.

“ಅವರಿಗೆ ಗೊತ್ತಿತ್ತಾ ಸವಿತಾ? ಬುಟ್ಟಿಗೆ ಬೀಳೂದು?”

“ಇಲ್ಲ. ಅತ್ತೆ ಅದನ್ನೇ ಹೇಳ್ತಿದ್ರು. ‘ಅದ್ಕೆ ಗೊತ್ತಾದ್ರೆ ನಾಳಿಂದ ಸುಲಿಯೂಕೆ ಬರ್ತಿಲ್ಲೆ’ ಅಂತ.”

ಆಮೇಲೂ ನಾನು ಕೇಳದ ಒಂದು ಮಾತು ಉಳಿದಿತ್ತು. ಅವಳೂ ಹೇಳಲಿಲ್ಲ. ನನ್ನ ಮೊದಲ ಯಂತ್ರ ಹೋದದ್ದು ಅದೇ ಹೆಗಡೆಯವರ ಅಂಗಳಕ್ಕೆ. ಅವ್ವನನ್ನು ಹೆಮ್ಮೆಯಿಂದ ಕರೆದೊಯ್ದು ತೋರಿಸಿದ್ದೆ. ಗಡಗಡ ಅಂತ ಸುಲಿದು ಒಂದೇ ಬಾಯಿಂದ ಸುರಿಯುವುದನ್ನು ಅವಳು ನಿಂತು ನೋಡಿದಳು. “ಚಂದಾಗೈತೆ ತಮಾ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಇದು ಯಾರ ಪಕ್ಕಕ್ಕೆ ಕೂರ್ತದೆ?” ಅಂತ ಕೇಳಿದಳು. ಹಳೇ ಕಾಲದವಳು, ಯಂತ್ರ ಅರ್ಥವಾಗಿಲ್ಲ ಅಂದುಕೊಂಡು ನಾನು ಬೆಲ್ಟು, ಮೋಟಾರು ಎಲ್ಲ ಬಿಡಿಸಿ ಹೇಳಿದ್ದೆ. ಆ ಬೇಸಿಗೆಯಿಂದ ಚಪ್ಪರದ ಕೆಳಗೆ ಸಾಲು ಕೂರಲಿಲ್ಲ. ಎಡಪಕ್ಕದವರು ಎರಡು ವರ್ಷ ಇದ್ದರು. ಹೇಗಿದ್ದರು ಎಂದು ನಾನು ವಿಚಾರಿಸಲಿಲ್ಲ.

ಗಾಳಿ ಜೋರಿತ್ತು. ಸುತ್ತ ಯಾರೂ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ನನ್ನ ಬೆಂಚಿನಲ್ಲಿ ಇನ್ನೂ ಇಬ್ಬರು ಕೂರುವಷ್ಟು ಜಾಗ ಇತ್ತು. ಆ ಊರಿಗೆ ಬಂದಾಗಿನಿಂದ ಮೊದಲ ಸಲ, ಅಲ್ಲಿ ಯಾರಾದರೂ ಬಂದು ಒತ್ತಿಕೊಂಡು ಕೂತಿದ್ದರೆ ಅನ್ನಿಸಿತು. ಯಾರಾದರೂ ಅಂತ ಸುಳ್ಳು ಬರೆದೆ. ಅವ್ವ. ಅವ್ವ ಬಂದು ಕೂತಿದ್ದರೆ.

ಕೊನೆಯ ದಿನ

ಸೋಮವಾರ ಮಧ್ಯಾಹ್ನ ವಿಮಾನ. ಬೆಳಿಗ್ಗೆ ಕಾಫಿ ಕುಡಿದು, ಕಪ್ಪು ತೊಳೆದಿಟ್ಟು, ಇಂಗ್ರಿಡ್ ಅವರ ಬಾಗಿಲು ತಟ್ಟಿದೆ. ರೇಣುಕಾ ಜೊತೆಗಿದ್ದಳು. ಇನ್ನೊಮ್ಮೆ ಚೌಕಾಸಿಗೆ ಬಂದಿದ್ದೇನೆ ಅಂದುಕೊಂಡು ಇಂಗ್ರಿಡ್ ಮುಖ ಗಟ್ಟಿ ಮಾಡಿಕೊಂಡರು.

“ಪ್ರತಿ ಬೇಡ,” ಅಂದೆ. “ಉತ್ತರ ಕೊಟ್ಟು ಹೋಗುತ್ತೇನೆ.”

ಕಾಗದ ತೆಗೆದುಕೊಂಡು ಚಿತ್ರ ಬರೆದೆ. ಇದು ಏಳನೆಯವಳು, ಇದು ಅವಳ ಬುಟ್ಟಿ. ಇಲ್ಲಿ, ಎಡಗಡೆ, ಇನ್ನೊಬ್ಬರ ಬುಟ್ಟಿ. ನಾಲ್ಕು ಇಲ್ಲಿಗೆ, ಎರಡು ಅಲ್ಲಿಗೆ. ಗುರಿ ತಪ್ಪಿಲ್ಲ, ದಣಿವೂ ಅಲ್ಲ. ನಮ್ಮ ಕಡೆ ಸುಲಿಯಲು ಕೂತ ಹೆಂಗಸರು ಹೀಗೆ ಮಾಡುವುದುಂಟು, ಕೈ ಸಾಗದವರ ಬುಟ್ಟಿ ತೀರಾ ಖಾಲಿ ಕಾಣದ ಹಾಗೆ. ಎಲ್ಲರೂ ಒಂದೋ ಎರಡೋ ಹಾಕಿಯಾರು. ಏಳನೆಯವಳು ಸ್ವಲ್ಪ ಜಾಸ್ತಿ ಹಾಕಿದ್ದಾಳೆ.

ಇಂಗ್ರಿಡ್ ಬಹಳ ಹೊತ್ತು ಆ ಕಾಗದ ನೋಡಿದರು. ಕಂಪ್ಯೂಟರಿನಲ್ಲಿ ಏನೋ ತೆರೆದರು. ಪಕ್ಕದ ಹೆಂಗಸಿನ ಅಳತೆ ಇರಬೇಕು, ಒಂದಕ್ಕೊಂದು ತಾಳೆ ಹಾಕಿದರು. ಕೊನೆಗೆ ಬೆರಳಿನಿಂದ ಕಣ್ಣಿನ ಮೂಲೆ ಒತ್ತಿಕೊಂಡು, “ಇಷ್ಟು ವರ್ಷ ವ್ಯರ್ಥ ಅಂತ ಬರೆದಿದ್ದೆ,” ಅಂದರು.

“ನಾನೂ,” ಅಂದೆ. ರೇಣುಕಾ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಆಮೇಲೆ ಇಂಗ್ರಿಡ್ ಒಳಗಿನ ಸಂಶೋಧಕಿ ಎದ್ದಳು. ಪೆನ್ನು ಹಿಡಿದರು. ಇದನ್ನು ತಿದ್ದಿ ಬರೆಯಬೇಕು, ಪಕ್ಕದ ಹೆಂಗಸು ಯಾರಾಗಿರಬಹುದು? ಸಂಬಂಧಿಯೇ? ಸಾಲ ಇತ್ತೇ? ಹೀಗೆ ಕೊಡಲು ಏನಾದರೂ ಕಾರಣ ಇರಬೇಕಲ್ಲ? ನೀವು ಆ ಊರಿನವರಲ್ಲವಾದರೂ ಊಹಿಸಬಲ್ಲಿರಿ, ಎಂದರು. ನನ್ನನ್ನು ಅಷ್ಟರ ಮಟ್ಟಿಗೆ ಅಪರಿಚಿತನನ್ನಾಗಿ ಇಟ್ಟುಕೊಂಡೇ ಕೇಳಿದ ಆ ಮರ್ಯಾದೆ ನನಗೆ ಹಿಡಿಸಿತು.

ಆ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ತಾಲೂಕು, ಊರು, ಕೇರಿ, ಎಲ್ಲ ಗೊತ್ತು. ಅವರು ದುಡಿದೇ ತಿಂದೆ ಅಂದುಕೊಂಡು ತೀರಿಕೊಂಡವರು.

“ಗೊತ್ತಿಲ್ಲ,” ಅಂದೆ. ಇಲ್ಲಿ, ನಿಮ್ಮೆದುರೂ ಬರೆಯುವುದಿಲ್ಲ.

ಇಂಗ್ರಿಡ್ ಪೆನ್ನು ಮುಚ್ಚಿದರು. ಹೊರಡಲು ಇನ್ನೂ ಅರ್ಧ ಗಂಟೆ ಇತ್ತು. ನಾನು ಕೇಳದೆಯೇ ಅವರು ನಮ್ಮನ್ನು ಆ ಕಿಟಕಿಯಿಲ್ಲದ ಕೋಣೆಗೆ ಕರೆದೊಯ್ದು, ಪರದೆ ಹಚ್ಚಿ, ಒಂದು ಕುರ್ಚಿ ಎಳೆದು ಕೊಟ್ಟು, ರೇಣುಕಾಳ ಜೊತೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ಕುರ್ಚಿ ಬಿಟ್ಟು ನೆಲದ ಮೇಲೆ ಕೂತೆ, ಪರದೆಗೆ ಹತ್ತಿರ, ಅವಳ ಎಡಗಡೆಗೆ. ಭುಜ ಮೇಲೆ ಹೋಗಿ ಕೆನ್ನೆ ಒರೆಸಿತು. ಸೊಟ್ಟ ಮೊಣಕೈ ನನ್ನ ಕಡೆಗೆ ಹೊರಟಿತು, ಬಿಟ್ಟಿತು, ಹಿಂದೆ ಹೋಯಿತು, ಮತ್ತೆ ಬಂತು. ಈ ಸಲ ನಾನು ಎಣಿಸಲಿಲ್ಲ.